ನಾಲ್ಕೂ ಮೂಲೆ ಇದ್ದ ಕಾರ್ಡು

ಧೀರೇಂದ್ರನಿಗೆ ಅವ್ವನ ಮುಖ ಸರಿಯಾಗಿ ನೆನಪಿರಲಿಲ್ಲ, ಅಕ್ಷರ ನೆನಪಿತ್ತು. ವಾಡಿ ಎಂದು ಬರೆಯುವಾಗ ಅವಳು ‘ಡಿ’ಯ ಗುಡಿಸನ್ನು ಛತ್ರಿಯ ಹಿಡಿಕೆಯ ಹಾಗೆ ಉದ್ದಕ್ಕೆ ಬಾಗಿಸುತ್ತಿದ್ದಳು. ಹೀಗಾಗಿ ಹೈದರಾಬಾದಿನ ಹಳೆಯ ಅಂಚೆ, ನಾಣ್ಯಗಳ ಹರಾಜಿನ ಕ್ಯಾಟಲಾಗು ಫೋನಿಗೆ ಬಂದ ದಿನ, ಸೇಡಂನ ತನ್ನ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಚಿತ್ರಗಳನ್ನು ಮೇಲೆ ಸರಿಸುತ್ತಿದ್ದವನು ಇನ್ನೂರಾ ಹದಿನಾಲ್ಕನೆಯ ಲಾಟಿನ ಮೇಲೆ ಬೆರಳಿಟ್ಟು ಎತ್ತಲೇ ಇಲ್ಲ.

‘ವಾಡಿ ಜಂಕ್ಷನ್ ಮತ್ತು ಸುತ್ತಲಿನ ಊರುಗಳ ಅಂಚೆ ಮುದ್ರೆಗಳು. ಕಾರ್ಡು ನೂರಾ ಹನ್ನೆರಡು. ಆರಂಭದ ಬೆಲೆ ಒಂದೂವರೆ ಸಾವಿರ.’ ಚಿತ್ರದಲ್ಲಿ ನಾಲ್ಕು ಕಾರ್ಡುಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ್ದರು. ಮೂರನೆಯದರ ಮೇಲೆ ಸೋದರಮಾವ ರಾಘವೇಂದ್ರನ ಹೆಸರು, ವಾಡಿಯ ರೈಲ್ವೆ ಕ್ವಾರ್ಟರ್ಸಿನ ವಿಳಾಸ, ಆ ಗುಡಿಸು. ಚಿತ್ರವನ್ನು ದೊಡ್ಡದು ಮಾಡಿ ಮುದ್ರೆ ಓದಿದ. ಚಿಂಚೋಳಿ, ೧೪ ಆಗಸ್ಟ್ ೧೯೭೨. ಅವ್ವ ತೀರಿಕೊಂಡದ್ದು ಹದಿನಾರಕ್ಕೆ. ಸಾವಿನ ಸುದ್ದಿಯ ತಾರು ಬಂದು ಮಾವನ ಮನೆಯವರೆಲ್ಲ ಬೀಗ ಹಾಕಿ ಚಿಂಚೋಳಿಗೆ ಹೋದ ಮೇಲೆ ಯಾವಾಗಲೋ ಈ ಕಾರ್ಡು ವಾಡಿಗೆ ಬಂದಿರಬೇಕು. ಯಾರೋ ತೆಗೆದಿಟ್ಟಿದ್ದಾರೆ. ಯಾರೂ ತಂದುಕೊಟ್ಟಿಲ್ಲ. ಕಾರ್ಡಿನ ವಿಳಾಸದ ಬದಿಯಷ್ಟೇ ಚಿತ್ರದಲ್ಲಿತ್ತು. ಅವಳು ಏನು ಬರೆದಿದ್ದಳೆಂಬುದು ಹಿಂದಿನ ಬದಿಯಲ್ಲಿತ್ತು.

ನಾಲ್ಕೂ ಮೂಲೆ ಸರಿಯಾಗಿದ್ದವು. ಅವನು ಅದನ್ನೂ ನೋಡಿದ.

ಅವ್ವ ರುಕ್ಮಿಣಿಬಾಯಿ ಹಾಸಿಗೆ ಹಿಡಿದು ತವರಿಗೆ ಹೋದಾಗ ಒಂಬತ್ತು ವರ್ಷದ ಧೀರೂನನ್ನು ಶಾಲೆಯ ಸಲುವಾಗಿ ಮಾವನ ಮನೆಯಲ್ಲಿ ಬಿಟ್ಟಿದ್ದರು. ವಾರಕ್ಕೊಂದು ಕಾರ್ಡು ಬರುತ್ತಿತ್ತು. ಮಾವ ಗಟ್ಟಿಯಾಗಿ ಓದಿ ಬಾಗಿಲ ಹಿಂದಿನ ತಂತಿಗೆ ಚುಚ್ಚುತ್ತಿದ್ದ. ಅಂಚೆಚೀಟಿಯ ಹುಚ್ಚು ಆಗಷ್ಟೇ ಹತ್ತಿದ್ದ ಧೀರೂ ಮಧ್ಯಾಹ್ನ ಸ್ಟೂಲು ಹತ್ತಿ, ಮಾವನ ಗಡ್ಡದ ಬ್ಲೇಡಿನಿಂದ ಕಾರ್ಡಿನ ಮೇಲುಮೂಲೆಯನ್ನು ಚೌಕವಾಗಿ ಕತ್ತರಿಸಿಕೊಂಡು ವಹಿಯಲ್ಲಿ ಅಂಟಿಸುತ್ತಿದ್ದ. ಹನ್ನೊಂದು ಕಾರ್ಡು, ಹನ್ನೊಂದು ಚೌಕ.

ಸಾವಿನ ಸುದ್ದಿ ಬರೆದ ಕಾರ್ಡನ್ನು ಮೂಲೆ ಹರಿದು ಕಳಿಸುವುದು ಆ ಕಾಲದ ರೂಢಿ. ಓದುವ ಮೊದಲೇ ಮನೆಯವರಿಗೆ ತಿಳಿಯಲಿ ಎಂದು. ಅಂಥ ಕಾರ್ಡು ಮನೆಯಲ್ಲಿ ಉಳಿಯಬಾರದು. ಹದಿಮೂರನೆಯ ದಿನ ಮುಗಿಸಿ ವಾಡಿಗೆ ಮರಳಿದಾಗ ಮಾಮಿ ತಂತಿಯ ಮೇಲಿನ ಮೂಲೆಯಿಲ್ಲದ ಹನ್ನೊಂದು ಕಾರ್ಡುಗಳನ್ನು ನೋಡಿದಳು.

“ಬದುಕಿದ್ದಾಕಿ ಕಾರ್ಡಿನ ಮೂಲಿ ಕತ್ತರಸ್ತಾರೇನೋ?” ಎಂದಳು. ಬೈಗುಳದ ದನಿಯೂ ಅಲ್ಲ. ಸುಮ್ಮನೆ ಕೇಳಿದ ಹಾಗಿತ್ತು. ಕಾರ್ಡುಗಳನ್ನು ಬಚ್ಚಲ ಒಲೆಗೆ ಹಾಕಿದಳು. ಅಂದಿನ ನೀರು ಬೇಗ ಕಾಯಿತು.

ಆ ಪ್ರಶ್ನೆಗೆ ಅವನು ಐವತ್ತೆರಡು ವರ್ಷ ಉತ್ತರ ಕೊಟ್ಟಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ. ಜೊತೆಗೆ ಇಡೀ ಕಾರ್ಡು, ಇಡೀ ಲಕೋಟೆಗಳನ್ನು ಸಂಗ್ರಹಿಸಿದ. ಕತ್ತರಿಸಿದ್ದನ್ನು ಮುಟ್ಟುತ್ತಿರಲಿಲ್ಲ.

ಮರುದಿನವೇ ವಾಡಿಗೆ ಹೋಗಿ, ಆ ಲಾಟನ್ನು ಹರಾಜಿನಲ್ಲಿ ಕೂಗಿ ತರಲು ಮಶಾಕನನ್ನು ಕೇಳಿದ. ಮಶಾಕ ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತ. ಹಳೆಯ ನಾಣ್ಯ ಕೂಡಿಸುವವ. ಹರಾಜಿನ ಹಾಲ್‌ನಲ್ಲಿ ಅವನು ಕೂತರೆ ಪಕ್ಕದವನಿಗೂ ಅವನು ಯಾವುದಕ್ಕೆ ಬಂದಿದ್ದಾನೆಂದು ತಿಳಿಯುತ್ತಿರಲಿಲ್ಲ. ಧೀರೇಂದ್ರನಿಗೆ ಹರಾಜು ಕಲಿಸಿದವನೇ ಅವನು.

“ನಾನೂ ಬರ್ತೀನಿ ಮಶಾಕ ಭಾಯಿ.”

“ಬ್ಯಾಡ್ರಿ ಮಾಸ್ತರ. ನೀವು ಬಂದ್ರ ಕೆಲಸ ಕೆಟ್ಟಂಗ. ಹ್ವಾದ ವರ್ಷ ಆ ಲಕೋಟಿಗೆ ಕೈ ಎತ್ತಿದಾಗ ನಿಮ್ಮ ಕಿವಿ ಎಷ್ಟು ಕೆಂಪಾಗಿದ್ವು ಗೊತ್ತೇನು? ಹಿಂದಿನ ಸಾಲಿನಾಗ ಕುಂತಾವ ಕಿವಿ ನೋಡೇ ಇನ್ನೂರು ಏರಿಸಿದ.” ಮಶಾಕ ನಕ್ಕು ಚಹಾ ಮುಂದೆ ಸರಿಸಿದ. “ಹೇಳ್ರಿ, ಎಷ್ಟರ ತನಕ ಹೋಗ್ಲಿ? ಮಿತಿ ಇಲ್ಲಿಂದಾನೇ ಬರ್ಕೊಂಡು ಹೋಗಬೇಕು, ಪೆನ್ನಿನಾಗ. ಪೆನ್ಸಿಲಿನಾಗ ಬರದ್ರ ಹಾಲ್‌ನಾಗ ಅಳಸಾಕ ಮನಸ್ಸಾಗ್ತದ.”

“ಎಷ್ಟಾದ್ರೂ ಆಗ್ಲಿ.”

“ಎಷ್ಟಾದ್ರೂ ಅಂಬೋದು ಲೆಕ್ಕ ಅಲ್ಲ, ಹುಚ್ಚು. ಗಣಿತದ ಮಾಸ್ತರ ನೀವು! ಮೂರು ಸಾವಿರದ ಮಾಲು ಅದು. ಐದು ಬರಿಲಾ?”

“ಎಂಟು ಬರೀರಿ.”

ಮಶಾಕ ಒಂದು ಗಳಿಗೆ ಅವನ ಮುಖ ನೋಡಿದ. ಆ ಗಳಿಗೆಯಲ್ಲಿ ಹೇಳಿಬಿಡಬಹುದಾಗಿತ್ತು. ಧೀರೇಂದ್ರನ ಬಾಯಿಯವರೆಗೂ ಬಂದಿತ್ತು. ಆದರೆ ಮಶಾಕ ಕೈ ಅಡ್ಡ ಹಿಡಿದ. “ಅದರಾಗ ಯಾವ ಕಾರ್ಡು ಬೇಕಂತ ನನಗೂ ಹೇಳಬ್ಯಾಡ್ರಿ. ಗೊತ್ತಾದ್ರ ಕಣ್ಣು ಅಲ್ಲೇ ಹೋಗ್ತದ. ಕಣ್ಣು ಹ್ವಾದಲ್ಲಿ ರೇಟು ಹೋಗ್ತದ. ಎಂಟು ಅಂದ್ರ ಎಂಟು. ಫೋನ್ ಬಂದ್ ಇಡ್ತೀನಿ, ಸಂಜಿಗೆ ಸೇಡಂನಾಗ ಇಳೀತೀನಿ.”

ಹೇಳದೆ ಇರುವುದು ಅವನಿಗೆ ಕಷ್ಟವಾಗಲಿಲ್ಲ. ಅದೊಂದನ್ನು ಅವನು ಯಾರಿಗೂ, ಹೆಂಡತಿ ಶ್ರೀವಿದ್ಯಾಗೂ ಹೇಳಿದವನಲ್ಲ.

ಭಾನುವಾರ ಹರಾಜು. ಆನ್‌ಲೈನಿನಲ್ಲಿ ನೋಡುವುದಕ್ಕಷ್ಟೇ ಎಂದುಕೊಂಡು ಧೀರೇಂದ್ರ ಹೆಸರು ನೋಂದಾಯಿಸಿದ್ದ. ಸಾವಿರ ರೂಪಾಯಿ ಮುಂಗಡ ಕಟ್ಟಿದರೆ ಹತ್ತು ಸಾವಿರದವರೆಗೆ ಕೂಗಬಹುದು ಎಂದು ನಿಯಮ. ಕೂಗುವ ವಿಚಾರ ಇಲ್ಲದ್ದರಿಂದ ಸಾವಿರವೇ ಕಟ್ಟಿದ. ಮನೆಯೊಳಗೆ ನೆಟ್‌ವರ್ಕ್ ಸರಿ ಸಿಗದೆ ಮಾಳಿಗೆ ಹತ್ತಿ ನೀರಿನ ಟಾಕಿಯ ನೆರಳಿನಲ್ಲಿ ನಿಂತ. ಪರದೆಯಲ್ಲಿ ಹರಾಜು ಕೂಗುವವನ ಮುಖ ಮಾತ್ರ ಕಾಣುತ್ತಿತ್ತು, ಹಾಲ್ ಕಾಣುತ್ತಿರಲಿಲ್ಲ. ಕೆಳಗೆ ಬೆಲೆ, ಅದರ ಪಕ್ಕದಲ್ಲಿ ‘ಹಾಲ್’ ಅಥವಾ ‘ಆನ್‌ಲೈನ್’ ಎಂಬ ಒಂದೇ ಶಬ್ದ.

ಇನ್ನೂರಾ ಹದಿನಾಲ್ಕು ಬಂತು. ಯಾರೋ ಮೊದಲೇ ಬರೆದುಕೊಟ್ಟಿದ್ದ ಒಂದೂವರೆ ಸಾವಿರ ಪರದೆಯ ಮೇಲೆ ನಿಂತಿತು. ಕೂಗುವವ ಒಂದನೇ ಸಲ ಎಂದ. ಹಾಲ್‌ನಿಂದ ಏನೂ ಇಲ್ಲ. ಎರಡನೇ ಸಲ ಎಂದ. ಎರಡನೇ ಸಲಕ್ಕೇ ಮಶಾಕ ಕೈ ಎತ್ತುವುದು ಎಂದು ಧೀರೇಂದ್ರನಿಗೆ ಗೊತ್ತಿತ್ತು. ನೂರು ಸಲ ಕೇಳಿದ ಪಾಠ. ಆದರೆ ಚಿತ್ರ ಅಲ್ಲೇ ಸಿಕ್ಕಿಕೊಂಡಿತು. ಕೂಗುವವನ ಬಾಯಿ ತೆರೆದೇ ಇತ್ತು, ಸುತ್ತಿಗೆ ಅರ್ಧ ಎದ್ದಿತ್ತು. ಮಶಾಕ ನಿದ್ದೆ ಹೋಗಿದ್ದರೆ? ಚಹಾ ಕುಡಿಯಲು ಹೊರಗೆ ಹೋಗಿದ್ದರೆ? ಧೀರೇಂದ್ರನ ಹೆಬ್ಬೆರಳು ಗುಂಡಿ ಒತ್ತಿತು.

ಸಾವಿರದ ಆರುನೂರು, ಆನ್‌ಲೈನ್. ಮರುಕ್ಷಣವೇ ಸಾವಿರದ ಏಳುನೂರು, ಹಾಲ್.

ಇದು ಮಶಾಕನೇ ಇರಬಹುದು ಎಂದು ಒಮ್ಮೆ ಅನಿಸಿತು. ಆದರೆ ಮಶಾಕ ಕಾಯುವ ಮನುಷ್ಯ, ಇದು ತಟ್ಟನೆ ಏಳುವ ಕೈ. ಯಾರೋ ಬೇರೆಯವರು. ಅವರಿಗೂ ಅದೇ ಕಾರ್ಡು ಬೇಕಾಗಿದೆ. ಒತ್ತಿದ. ಹಾಲ್ ಉತ್ತರಿಸಿತು. ಮತ್ತೆ ಒತ್ತಿದ. ಮೂರು ಸಾವಿರ, ನಾಲ್ಕು, ಆರು. ಟಾಕಿಯ ನೆರಳು ಸರಿದು ಬಿಸಿಲು ತಲೆಯ ಮೇಲೆ ಬಂದಿತ್ತು. ಹಾಲ್ ಎಂಟು ಸಾವಿರ ಎಂದಿತು. ಅವನು ಎಂಟೂವರೆ ಒತ್ತಿದ. ಹಾಲ್ ಸುಮ್ಮನಾಯಿತು.

ಒಂದನೇ ಸಲ. ಎರಡನೇ ಸಲ. ಧೀರೇಂದ್ರ ಕಣ್ಣು ಮುಚ್ಚಿದ.

ತೆರೆದಾಗ ಒಂಬತ್ತು ಸಾವಿರ, ಹಾಲ್. ಒಂಬತ್ತೂವರೆ ಒತ್ತಿದ. ಹತ್ತು ಸಾವಿರ, ಹಾಲ್. ಒತ್ತಿದ. ಗುಂಡಿ ಬೂದಿ ಬಣ್ಣವಾಗಿತ್ತು. ‘ನಿಮ್ಮ ಮಿತಿ ಮುಗಿದಿದೆ’ ಎಂದು ಪರದೆ ತಿಳಿಸಿತು. ಅವನು ಬೂದಿ ಬಣ್ಣದ ಮೇಲೆ ಹೆಬ್ಬೆರಳು ಒತ್ತುತ್ತಲೇ ಇದ್ದ. ಮಶಾಕನಿಗೆ ಫೋನ್ ಹಚ್ಚಿದ. ಫೋನ್ ಬಂದ್ ಇತ್ತು. ಮತ್ತೆ ಪರದೆಗೆ ಬರುವಷ್ಟರಲ್ಲಿ ಇನ್ನೂರಾ ಹದಿನೈದನೆಯ ಲಾಟಿನ ಬೆಳ್ಳಿ ನಾಣ್ಯಗಳು ಹೊಳೆಯುತ್ತಿದ್ದವು.

ಸಂಜೆ ಮಶಾಕ ಸೇಡಂ ಸ್ಟೇಷನ್ನಿನಲ್ಲಿ ಇಳಿದ. ಬೆಂಚಿನ ಮೇಲೆ ಕೂತು ಬೂಟು ಸಡಿಲಿಸಿದ.

“ಮಾಫ್ ಮಾಡ್ರಿ ಮಾಸ್ತರ. ಎಂಟಕ್ಕ ಕೈ ಇಳಿಸಿದೆ. ಯಾವನೋ ಬೇಕೂಫ ಆನ್‌ಲೈನಾಗ ಕುಂತಿದ್ದ. ಅವಂಗ ಹೆದರಸಾಕಂತ ನಾನೂ ತಟಕ್ಕನ ಎತ್ತಾಕತ್ತೆ, ನನ್ನ ಪದ್ಧತಿ ಬಿಟ್ಟು. ಅಂವ ಹೆದರಲಿಲ್ಲ. ನಂದಕಿಶೋರ್ ಗೊತ್ತಲ್ಲ, ಶಹಾಬಾದದಾವ? ಅಲ್ಲಿ ತನಕ ಪೇಪರ್ ಓದಾಕತ್ತಿದ್ದ. ಇಬ್ಬರು ಇಷ್ಟು ಕಾದಾಡಾಕತ್ತಾರಂದ್ರ ಏನೋ ಮಾಲು ಇರಬೇಕಂತ ಪೇಪರ್ ಮಡಿಚಿ ಕೈ ಎತ್ತಿದ. ಲಾಟು ತಿರುಗಿ ಸುದ್ದಾ ನೋಡಿಲ್ಲ ಅಂವ.”

ಧೀರೇಂದ್ರ ಹಳಿಗಳ ಕಡೆ ನೋಡುತ್ತಿದ್ದ.

“ಆ ಬೇಕೂಫ ನಾನು,” ಎಂದ. ಆಮೇಲೆ ಉಳಿದದ್ದನ್ನೂ ಹೇಳಿದ. ತಂತಿ, ಬ್ಲೇಡು, ಒಲೆ. ಐವತ್ತೆರಡು ವರ್ಷದ ಮಾತು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

ಮಶಾಕ ಸಡಿಲಿಸಿದ್ದ ಬೂಟಿನ ದಾರವನ್ನು ಮತ್ತೆ ಬಿಗಿದ.

“ಅವ್ವನ ಕಾರ್ಡಂತ ಒಂದು ಮಾತು ಅಂದಿದ್ರ, ನನ್ನ ಮನಿ ನಾಣ್ಯ ಮಾರಿ ತರ್ತಿದ್ನಲ್ರಿ.”

“ಹೇಳಬ್ಯಾಡ ಅಂದ್ರಿ.”

“ಅಂದೆ,” ಎಂದ ಮಶಾಕ. “ಅಂದೆ ಖರೇ.”

ಧೀರೇಂದ್ರ ಅಂದೇ ಶಹಾಬಾದಕ್ಕೆ ಹೋಗಲು ಎದ್ದಿದ್ದ. ಮಶಾಕ ತೋಳು ಹಿಡಿದು ಕೂಡಿಸಿದ. ಈಗ ಹೋಗಿ ಕೇಳಿದರೆ ನಂದಕಿಶೋರನಿಗೆ ಗುಟ್ಟು ತಿಳಿಯುತ್ತದೆ, ಲಕ್ಷ ಕೇಳುತ್ತಾನೆ, ಇಲ್ಲವೆ ಕೊಡುವುದೇ ಇಲ್ಲ ಎಂದು ಮುಚ್ಚಿಡುತ್ತಾನೆ. ನೂರಾ ಹನ್ನೆರಡು ಕಾರ್ಡು ತಿರುವಿ ಹಾಕಲಿ, ಏನೂ ಇಲ್ಲ ಎಂದು ಅವನಿಗೇ ಬೇಸರವಾಗಲಿ. “ಮೂರು ವಾರ ಬಿಡ್ರಿ. ಅವನೇ ತೂಕಕ್ಕ ಹಾಕ್ತಾನ. ಇವತ್ತು ಅವಸರ ಮಾಡಿ ಕೆಡಿಸಿಕೊಂಡ್ರಿ. ಈಗರ ನನ್ನ ಮಾತು ಕೇಳ್ರಿ.”

ಅವಸರ ಮಾಡಿ ಕೆಡಿಸಿದವನಿಗೆ ಎದುರಾಡುವ ಮುಖವಿರಲಿಲ್ಲ. ಧೀರೇಂದ್ರ ಮೂರು ವಾರ ಕಾದ. ವಾರಕ್ಕೊಂದರಂತೆ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದ. ಅಷ್ಟು ದಿನವೂ ಆ ಕಾರ್ಡಿನ ಹಿಂದಿನ ಬದಿಯನ್ನು ಅವನು ಮನಸ್ಸಿನಲ್ಲಿ ಓದುತ್ತಿದ್ದ. ಒಂದು ದಿನ ಅದರಲ್ಲಿ ಬರೀ ಔಷಧದ ಹೆಸರಿರುತ್ತಿತ್ತು. ಇನ್ನೊಂದು ದಿನ ಮಾಮಿಯ ಪ್ರಶ್ನೆಗೆ ಉತ್ತರವಿರುತ್ತಿತ್ತು.

ಶಹಾಬಾದದಲ್ಲಿ ನಂದಕಿಶೋರನ ಕೋಣೆ ಅವರಪ್ಪನ ಕಲ್ಲಿನ ಪಾಲಿಶ್ ಕಾರ್ಖಾನೆಯ ಹಿಂದೆ ಇತ್ತು. ಕಲ್ಲು ಕೊಯ್ಯುವ ಮಷೀನಿನ ಸದ್ದಿಗೆ ಗೋಡೆಯ ಕಪಾಟುಗಳು ನಡುಗುತ್ತಿದ್ದವು.

“ಬರ್ರಿ ಬರ್ರಿ ಮಶಾಕ ಭಾಯಿ, ಕುಂದ್ರಿ! ನಿಮ್ಮ ಕಡಿಂದಾನೇ ನನಗ ಹತ್ತು ಸಾವಿರ ಖಡ್ಡಾ ಬಿತ್ತು ನೋಡ್ರಿ,” ಎಂದು ನಂದಕಿಶೋರ್ ನಕ್ಕ. ಅವನಲ್ಲಿ ಕಪಟವೇನೂ ಇರಲಿಲ್ಲ. “ಎಲ್ಲಾ ಒಂದೊಂದು ನೋಡಿದೆ. ಏನೂ ಇಲ್ಲ. ಬರೀ ಮಾಮೂಲಿ.”

ಮಶಾಕ ಆಕಳಿಸಿದಂತೆ ಮಾಡಿದ. “ಅದಕ್ಕ ಬಂದೀವಿ. ಇವರು ಮಾಸ್ತರು, ಟೈಮ್ ಪಾಸ್‌ಗೆ ಹಳೇ ಕಾರ್ಡು ಕೂಡಸ್ತಾರ. ಇದ್ರ ಕೊಡು, ಅಗ್ಗಕ್ಕ.”

“ಇಡೀ ಕಾರ್ಡು ಈಗ ಯಾರು ತಗೋತಾರ್ರಿ? ಜಾಗಾ ತಿಂತಾವ. ಮುದ್ರಿ ಕತ್ತರಿಸಿ ಪಾಕೀಟ್ ಮಾಡಿದ್ರ ಕಾಲೇಜ್ ಹುಡುಗೂರು ತಗೋತಾರ. ಹ್ವಾದ ಸೋಮವಾರ ಕುಂತು ಎಲ್ಲಾ ಕತ್ತರಿಸಿದೆ.” ಮೇಜಿನ ಮೇಲೆ ಉಕ್ಕಿನ ಪಟ್ಟಿ ಇತ್ತು, ಅದರ ಪಕ್ಕದಲ್ಲಿ ಬ್ಲೇಡು.

“ಉಳಿದದ್ದು?” ಎಂದ ಧೀರೇಂದ್ರ. ಅವನ ಕಿವಿ ಕೆಂಪಾಗಿರಲಿಲ್ಲ. ಅವು ಬೆಳ್ಳಗಾಗಿದ್ದನ್ನು ಮಶಾಕ ನೋಡಿದ.

“ಉಳಿದದ್ದೇನು, ರದ್ದಿ. ಬುಧವಾರ ರದ್ದಿಯಾವ ಒಯ್ದಾನ. ಈಗ ಅದು ಯಾವ ಮಿಲ್ಲಿನಾಗ ಅರದು ಹೋಗ್ಯಾದೋ!”

ನಂದಕಿಶೋರ್ ಬಿಸ್ಕೀಟಿನ ಡಬ್ಬಿಯೊಂದನ್ನು ಮುಂದಿಟ್ಟ. ಧೀರೇಂದ್ರ ಅದರಲ್ಲಿದ್ದ ಮುದ್ರೆಯ ಚೌಕಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸತೊಡಗಿದ. ಚಿತ್ತಾಪುರ, ವಾಡಿ, ಶಹಾಬಾದ, ಮತ್ತೆ ವಾಡಿ. ಎಪ್ಪತ್ತೊಂದನೆಯದು ಚಿಂಚೋಳಿ, ೧೪ ಆಗಸ್ಟ್. ಬೆಂಕಿಪೊಟ್ಟಣದಷ್ಟು ದೊಡ್ಡದು. ಅಂಚು ಬಹಳ ನೇರವಾಗಿತ್ತು. ಅವನು ಒಂಬತ್ತು ವರ್ಷದವನಿದ್ದಾಗ ಅಷ್ಟು ನೇರ ಕತ್ತರಿಸಲು ಬರುತ್ತಿರಲಿಲ್ಲ.

“ಅದೊಂದೇ? ಹತ್ತು ರೂಪಾಯಿ ಕೊಡ್ರಿ.”

“ಐದಕ್ಕ ಕೊಡು,” ಎಂದ ಮಶಾಕ, ಬಾಯಿಯ ರೂಢಿಯಿಂದ. ಅಂದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಧೀರೇಂದ್ರ ಹತ್ತರ ನೋಟು ಮೇಜಿನ ಮೇಲಿಟ್ಟ.

ಇಬ್ಬರೂ ಮರಳುವ ರೈಲು ಹತ್ತಿದರು. ಶಹಾಬಾದದಿಂದ ವಾಡಿಗೆ ದೂರವೇನಿಲ್ಲ. ಮೂರು ವಾರ ಆ ಕಾರ್ಡು ಇಷ್ಟೇ ದೂರದಲ್ಲಿತ್ತು, ಅದರಲ್ಲಿ ಹೆಚ್ಚಿನ ದಿನ ಇಡಿಯಾಗಿಯೇ ಇತ್ತು. ವಾಡಿಯಲ್ಲಿ ಇಳಿದು, ಸೇಡಂ ಕಡೆಯ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ಕೂತಾಗಲೇ ಧೀರೇಂದ್ರ ಚೌಕವನ್ನು ತಿರುಗಿಸಿದ್ದು. ಹಿಂಬದಿಯಲ್ಲಿ ಪತ್ರದ ಮೇಲಿನ ಎಡಮೂಲೆ ಇತ್ತು, ಮೂರು ಸಾಲುಗಳ ಮೊದಲ ಶಬ್ದಗಳಷ್ಟೇ. ನೀಲಿ ಶಾಯಿ ಕಂದಿರಲಿಲ್ಲ. ಅದನ್ನು ಮಶಾಕನ ಕೈಗೆ ಕೊಟ್ಟ.

ಮಶಾಕ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದ. “ಚಿರಂಜೀವಿ ರಾಘುಗ... ಇಲ್ಲಿ ಎಲ್ಲಾ... ಧೀರೂಗ ಹೇಳು...” ತಲೆ ಎತ್ತಿದ. “ಮುಂದ?”

“ಮುಂದ ಇಲ್ಲ.”

ಮಶಾಕ ಚೌಕವನ್ನು ಎರಡೂ ಅಂಗೈಯಲ್ಲಿ ಹಿಡಿದು ಮರಳಿ ಕೊಟ್ಟ. ಹಳಿಗಳ ಆಚೆ ರೈಲ್ವೆ ಕ್ವಾರ್ಟರ್ಸಿನ ಸಾಲು ಕಾಣುತ್ತಿತ್ತು. ಯಾರದೋ ಮನೆಯ ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ಸೇಡಂ ಗಾಡಿ ಬಂದು ನಿಂತಿತು. ಹೊರಟೂ ಹೋಯಿತು. ಧೀರೇಂದ್ರ ಏಳಲಿಲ್ಲ, ಮಶಾಕ ಏಳಿರಿ ಎನ್ನಲಿಲ್ಲ.