ತೆರೆದ ಬಾಗಿಲಿನ ಪರೀಕ್ಷೆ

ಗುಡುಗು ವಕೀಲರಿಗೆ ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಅವರು ಕೆಳಗಿನ ಕೋರ್ಟಿನಲ್ಲಿ ವಾದ ಶುರು ಮಾಡಿದರೆ ಮೇಲಿನ ಮಹಡಿಯ ಗುಮಾಸ್ತರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು ಎನ್ನುವುದಂತೂ ಸುಳ್ಳಲ್ಲ. ಇಂಥವರಿಗೆ ಎದುರು ಮಾತಾಡುವ ಧೈರ್ಯ ಇದ್ದದ್ದು ಒಬ್ಬಳಿಗೇ, ಅವರ ಮಗಳು ಪುಟ್ಟಿಗೆ. ಕಾನೂನು ಓದಲೆಂದು ವಿಶ್ವವಿದ್ಯಾಲಯಕ್ಕೆ ಹೋದವಳು ಜೊತೆಗೆ ಇಟಾಲಿಯನ್ ಅಧ್ಯಯನವನ್ನೂ ತೆಗೆದುಕೊಂಡು ಬಂದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು.

“ಕಾನೂನು ಸರಿ. ಈ ಇಟಾಲಿಯನ್ ಯಾತಕ್ಕೆ? ನಮ್ಮ ಕಕ್ಷಿದಾರರು ಯಾರಾದ್ರೂ ಆ ಭಾಷೇಲಿ ಜಗಳ ಆಡ್ತಾರಾ?”

“ಅವರು ಆಡಲ್ಲ ಅಪ್ಪ. ಆದ್ರೆ ಕಾನೂನು ಪಾಠ ಅನ್ನೋದು ಅಲ್ಲಿನ ಹಳೇ ಊರುಗಳಲ್ಲಿ ಹೇಗೆ ಬೆಳೀತು ಅಂತ ಅಲ್ಲಿಯವರೇ ಬರೆದದ್ದನ್ನ ಓದ್ಬೇಕು ನಂಗೆ. ಯಾರೋ ಹೇಳಿದ್ದನ್ನ ನಂಬಬೇಡ ಅಂತ ನೀವೇ ಅಲ್ವಾ ಹೇಳೋದು?”

ಕೊನೆಗೆ ರಾಜಿ ಮಾಡಿಸಿದ್ದು ಪುಟ್ಟಿಯ ಅಮ್ಮ. ವರ್ಷದ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಎರಡನ್ನೂ ಓದಲಿ. ಇಲ್ಲವಾದರೆ ಇಟಾಲಿಯನ್ನಿಗೆ ಕೈಮುಗಿದು ಕಾನೂನೊಂದನ್ನೇ ಓದಲಿ. ವಕೀಲರು ಕೂಡಲೇ ಒಪ್ಪಿದರು. ಎರಡು ದೋಣಿಯಲ್ಲಿ ಕಾಲಿಟ್ಟವಳು ಎಷ್ಟು ದಿನ ನಿಂತಾಳು ಎಂಬುದು ಅವರ ಲೆಕ್ಕಾಚಾರ.

ಇಟಾಲಿಯನ್ ವಿಭಾಗದಲ್ಲೊಂದು ಪದ್ಧತಿಯಿತ್ತು. ಮೌಖಿಕ ಪರೀಕ್ಷೆ ನಡೆಯುವಾಗ ಕೋಣೆಯ ಬಾಗಿಲು ತೆರೆದೇ ಇರಬೇಕು, ಬೇಕಾದವರು ಬಂದು ಹಿಂದಿನ ಬೆಂಚುಗಳಲ್ಲಿ ಕೂತು ಕೇಳಬಹುದು. ಪರೀಕ್ಷೆಯ ದಿನ ವಕೀಲರು ಕೇಸುಗಳನ್ನೆಲ್ಲ ಜೂನಿಯರ್ ತಲೆಗೆ ಕಟ್ಟಿ ಅಲ್ಲಿಗೆ ಹೋದರು. ಮಗಳು ಸೋತರೆ ಮನೆಗೆ ಕರೆದುಕೊಂಡು ಬರಲು ಒಬ್ಬರು ಬೇಡವೇ ಎಂದು ತಮಗೆ ತಾವೇ ಸಮಜಾಯಿಷಿ ಹೇಳಿಕೊಂಡರು.

ಉದ್ದನೆಯ ಮೇಜಿನ ಆಚೆ ಪರೀಕ್ಷಕರು, ಈಚೆ ಒಂಟಿ ಕುರ್ಚಿಯಲ್ಲಿ ಪುಟ್ಟಿ. ನಡುವೆ ಕೂತ ಹಿರಿಯ ಪ್ರೊಫೆಸರಮ್ಮ ಕನ್ನಡಕದ ಮೇಲಿಂದ ನೋಡುತ್ತಾ ಪ್ರಶ್ನೆ ಕೇಳುತ್ತಿದ್ದರು. ಎಲ್ಲವೂ ಇಟಾಲಿಯನ್ನಿನಲ್ಲಿ. ವಕೀಲರಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಆದರೆ ಪಾಟೀಸವಾಲು ಯಾವ ಭಾಷೆಯಲ್ಲಿದ್ದರೂ ಪಾಟೀಸವಾಲೇ. ಮಗಳು ದುಪಟ್ಟಾದ ತುದಿ ತಿರುವಲಿಲ್ಲ, ಛಾವಣಿ ನೋಡಲಿಲ್ಲ. ಪ್ರಶ್ನೆ ಪೂರ್ತಿ ಮುಗಿಯುವತನಕ ಕಾದು, ಉಸಿರು ತೆಗೆದುಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದಳು. ಎಷ್ಟು ಸಾಕ್ಷಿಗಳಿಗೆ ಇದನ್ನು ಹೇಳಿಕೊಟ್ಟು ಸೋತಿದ್ದರು ಅವರು! ಇವಳಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಭಲೇ ಪುಟ್ಟಿ ಎಂದುಕೊಂಡರು, ಅವಳು ಸೋಲಲಿ ಎಂದು ತಾವು ಬಂದದ್ದು ಮರೆತೇಹೋಯಿತು.

ಅಷ್ಟರಲ್ಲಿ ಪ್ರೊಫೆಸರಮ್ಮ ಒಂದು ಪ್ರಶ್ನೆ ಹಾಕಿದರು. ಪುಟ್ಟಿ ಉತ್ತರಿಸಿದಳು. ಪ್ರೊಫೆಸರಮ್ಮ ತಲೆಯಾಡಿಸಿ ಅದೇ ಮಾತನ್ನು ಅದೇ ರಾಗದಲ್ಲಿ ಮತ್ತೆ ಕೇಳಿದರು. ಪುಟ್ಟಿ ಇನ್ನೂ ಉದ್ದವಾಗಿ ಹೇಳಿದಳು. ಮೂರನೇ ಸಲವೂ ಅದೇ ಪ್ರಶ್ನೆ! ಪುಟ್ಟಿಯ ಕಿವಿ ಕೆಂಪಾದದ್ದು ಹಿಂದಿನ ಬೆಂಚಿಗೂ ಕಂಡಿತು.

ವಕೀಲರಿಗೆ ತಾವು ಎಲ್ಲಿದ್ದೇವೆ ಎಂಬುದರ ಪರಿವೆ ಉಳಿಯಲಿಲ್ಲ. ಇಲ್ಲದ ಕರಿಕೋಟನ್ನು ಎಳೆದುಕೊಂಡು ಎದ್ದೇಬಿಟ್ಟರು.

“ತಕರಾರು, ಮಹಾಸ್ವಾಮಿ! ಒಂದೇ ಪ್ರಶ್ನೇನ ಮೂರು ಸಲ ಕೇಳಿ ಸಾಕ್ಷೀನ ಹೆದರಿಸ್ತಿದ್ದಾರೆ!”

ಗಾಜಿನ ಕಿಟಕಿಗಳು ಝಲ್ಲೆಂದವು. ಪ್ರೊಫೆಸರಮ್ಮನ ಕೈಯಿಂದ ಪೆನ್ನು ಬಿತ್ತು. ಪುಟ್ಟಿ ಕಣ್ಣು ಮುಚ್ಚಿಕೊಂಡಳು.

“ಯಾರು ಇವರು?” ಎಂದರು ಪ್ರೊಫೆಸರಮ್ಮ.

“ನನ್ನ ತಂದೆ, ಮೇಡಂ. ವಕೀಲರು.”

ಪ್ರೊಫೆಸರಮ್ಮ ವಕೀಲರನ್ನು ಅಳೆಯುವಂತೆ ನೋಡಿ, ತುಟಿಯಂಚಿನಲ್ಲೇ ನಕ್ಕರು. “ನೀನು ಕಾನೂನೂ ಓದ್ತೀಯಲ್ಲ? ಹಾಗಾದ್ರೆ ಈ ತಕರಾರಿನ ತೀರ್ಪು ನೀನೇ ಕೊಡು. ಆಮೇಲೆ ನನ್ನ ಪ್ರಶ್ನೆಗೆ ಉತ್ತರ.”

ಪುಟ್ಟಿ ಎದ್ದು ಹಿಂತಿರುಗಿದಳು. ಅಪ್ಪನನ್ನು ನೇರ ನೋಡಿದಳು.

“ಉತ್ತರ ಬಂದ ಮೇಲೂ ಕೇಳಿದ್ರೆ ಅದು ಹೆದರಿಸೋದು. ಇಲ್ಲಿ ಉತ್ತರ ಇನ್ನೂ ಬಂದಿಲ್ಲ. ನಾನು ಇಷ್ಟೊತ್ತು ಹೇಳಿದ್ದು ಪುಸ್ತಕದ ಮಾತು, ಅವರು ಕೇಳ್ತಿರೋದು ನನ್ನ ಮಾತು. ತಕರಾರು ವಜಾ. ಕೂತ್ಕೊಳ್ಳಿ ಅಪ್ಪ.”

ವಕೀಲರು ಕೂತರು. ಆಮೇಲೆ ಪುಟ್ಟಿ ಮೇಜಿನ ಕಡೆ ತಿರುಗಿ ಇಟಾಲಿಯನ್ನಿನಲ್ಲಿ ಮಾತಾಡಿದಳು. ಒಮ್ಮೆ ಕೈಯೆತ್ತಿ ಹಿಂದಿನ ಬೆಂಚನ್ನು ತೋರಿಸಿದಳು. ಕೋಣೆಯಿಡೀ ನಕ್ಕಿತು, ಪ್ರೊಫೆಸರಮ್ಮ ನಗದೆ ಏನೋ ಬರೆದುಕೊಂಡರು. ನಾನೇ ಕೆಲಸ ಕೆಡಿಸಿಬಿಟ್ಟೆನಲ್ಲ ಎಂದುಕೊಂಡರು ವಕೀಲರು.

ಸ್ವಲ್ಪ ಹೊತ್ತಿಗೆ ಮಗಳು ಮೊಗಸಾಲೆಗೆ ಬಂದಳು.

“ಪಾಸು. ಒಳ್ಳೇ ಅಂಕ ಕೊಟ್ಟಿದ್ದಾರೆ. ಅದಿರ್ಲಿ, ನಾನು ಫೇಲಾಗಿದ್ರೆ ನಿಮ್ಮ ಮಾತೇ ಗೆಲ್ತಿತ್ತು. ಸುಮ್ನೆ ಕೂತಿದ್ರೆ ಸಾಕಿತ್ತು. ಯಾಕೆ ಎದ್ರಿ?”

“ಎಲ್ಲರೂ ನಕ್ಕರಲ್ಲ, ನನ್ನ ಬಗ್ಗೆ ಏನಂದೆ?” ಎಂದರು ವಕೀಲರು, ಎಂದೂ ಇಲ್ಲದ ಸಣ್ಣ ದನಿಯಲ್ಲಿ.

“ಅವರು ಕೇಳಿದ್ದು, ಇಟಲಿಯ ಆ ಹಳೇ ಊರುಗಳಲ್ಲಿ ಕಾನೂನು ವಿದ್ಯಾರ್ಥಿಗಳು ಸಂಘ ಕಟ್ಟಿ ಮೇಷ್ಟ್ರುಗಳಿಗೇ ದಂಡ ಹಾಕ್ತಿದ್ರಲ್ಲ, ಅದು ಯಾಕೆ ಅಂತ ನಿನಗನ್ಸುತ್ತೆ ಅಂತ. ನಾನಂದೆ, ಅವರೆಲ್ಲ ಪರದೇಶದ ಹುಡುಗರು. ಅವರ ಪರವಾಗಿ ಎದ್ದು ನಿಲ್ಲೋರು ಆ ಊರಲ್ಲಿ ಯಾರೂ ಇರ್ಲಿಲ್ಲ, ಅದಕ್ಕೇ ಸಂಘ ಬೇಕಾಯ್ತು. ನನಗೆ ಸಂಘ ಬೇಡ, ಹಿಂದೆ ನೋಡಿ, ಭಾಷೆ ಬರದಿದ್ರೂ ಎದ್ದು ನಿಲ್ಲೋರು ಇದ್ದಾರೆ ಅಂದೆ.”

ಗುಡುಗು ವಕೀಲರು ಕಿಟಕಿಯ ಕಡೆ ಮುಖ ಮಾಡಿ ಕರ್ಚೀಫು ತೆಗೆದರು. ಹೆಮ್ಮೆಗೆ ಎದೆ ಬಿರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು. ಮೊಗಸಾಲೆಯ ತುಂಬ ಹುಡುಗರು, ಅವರ ಅಪ್ಪ ಅಮ್ಮಂದಿರು ನಿಂತಿದ್ದರು.

“ಅದನ್ನ ಇಟಾಲಿಯನ್ನಲ್ಲಿ ಇನ್ನೊಂದ್ಸಲ ಹೇಳು ಪುಟ್ಟಿ,” ಎಂದರು. “ಸ್ವಲ್ಪ ಜೋರಾಗಿ. ಆ ಕೊನೇಲಿ ನಿಂತಿರೋರಿಗೂ ಕೇಳ್ಲಿ.”