ಐತವಾರದ ಎರಡು ಗುಂಡು

ಒಂದು ಜಡೆ ಮುಗಿದು, ಇನ್ನೊಂದರ ಕೂದಲನ್ನು ಗೊಲ್ಲಾಳಮ್ಮ ಮೂರು ಎಳೆ ಮಾಡಿಕೊಂಡಿದ್ದಳು. ಅವತ್ತು ಶನಿವಾರ, ಮುಂಜಾನೆಯ ಶಾಲೆ. ಉಮಾಶ್ರೀ ರಿಬ್ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು, ಎಡ ಮಗ್ಗುಲು ಬಾಗಿಲಿಗೆ ಮಾಡಿ ಕೂತಿದ್ದಳು. ಹೊರಗೆ ಯಾರೋ ಕೆಮ್ಮಿದರು. ಗೋಡೆಗೆ ಗೋಡೆ ಹಚ್ಚಿದ ಮನೆಯ ಸಂಗಮನಾಥ ಸಾಹುಕಾರ, ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು ನಿಂತಿದ್ದ.

"ಏನವ್ವಾ ಉಮಾಶ್ರೀ, ಸಾಲಿಗಿ ತಯಾರಾದೇನು?"

ಹುಡುಗಿ ತಿರುಗಲಿಲ್ಲ.

"ಅಬಬಾ, ಏನ್ ದೌಲತ್ತು ನಿನ್ನ ಮಗಳದು, ಗೊಲ್ಲಾಳಮ್ಮ. ದೊಡ್ಡಾವರು ಕರದ್ರ ಕತ್ತೂ ತಿರುವಂಗಿಲ್ಲ."

ನಗುತ್ತಲೇ ಅಂದ. ಇವನು ಮರೆತೇ ಬಿಟ್ಟಿದ್ದಾನೆ ಎಂಬುದು ಆ ನಗೆಯಲ್ಲೇ ಗೊಲ್ಲಾಳಮ್ಮನಿಗೆ ತಿಳಿಯಿತು. ಕೂದಲು ಹಿಡಿದ ಬೆರಳು ಬಿಗಿದವು. ಮಗಳು ನೋವಿಗೆ ಮುಖ ಹಿಂಡಿದಾಗ ಸಡಿಲ ಬಿಟ್ಟು, ನೆತ್ತಿ ಸವರಿದಳು.

ಅವನು ಬಂದ ಕೆಲಸ ಸಣ್ಣದು. ಬಂದೂಕಿನ ಲೈಸೆನ್ಸು ನವೀಕರಣಕ್ಕೆ ಅರ್ಜಿ ಹಾಕಿದ್ದ. ಪೊಲೀಸರು ಇವತ್ತು ಓಣಿಗೆ ಬಂದು ಮಗ್ಗುಲ ಮನೆಯವರನ್ನು ಕೇಳಲಿದ್ದರು.

"ತಕರಾರು ಇಲ್ಲ ಅಂತ ಒಂದು ಮಾತು, ಒಂದು ಸಹಿ. ಅಷ್ಟೇ ನೋಡವ್ವಾ ತಂಗಿ."

"ಬರಲಿ ಬಿಡ್ರಿ ಸಾವಕಾರ್ರ. ಕೇಳಿದ್ರ ಹೇಳ್ತೀನಿ."

ಎರಡು ವರ್ಷದ ಹಿಂದೆ ಮೊಮ್ಮಗ ಹುಟ್ಟಿದ ಖುಷಿಗೆ ಇವನು ಮಾಳಿಗೆ ಏರಿ ಎರಡು ಗುಂಡು ಹಾರಿಸಿದ್ದ. ನಡುವಿನ ಮೋಟುಗೋಡೆಯ ಈಚೆ, ಒಣಗಿದ ಬಟ್ಟೆ ತೆಗೆಯುತ್ತ, ಆರು ವರ್ಷದ ಉಮಾಶ್ರೀ ನಿಂತಿದ್ದಳು. ನಳಿಗೆಗೂ ಅವಳ ಎಡಗಿವಿಗೂ ನಡುವೆ ಎರಡು ಮೊಳ ಇರಲಿಲ್ಲ. ಕಿವಿಯಿಂದ ರಕ್ತ ಸೋರುತ್ತಿದ್ದ ಮಗುವನ್ನು ತನ್ನ ಗಾಡಿಯಲ್ಲೇ ಕಲಬುರಗಿಗೆ ಒಯ್ದ, ಅದೇನೋ ನಿಜ. ಆದರೆ ಶಹಾಪುರ ದಾಟಿದ್ದೇ ತಡ ಒಂದೇ ಮಾತು ಹಿಡಿದ. "ಪಟಾಕಿ ಸಿಡೀತು ಅನ್ನು. ಗುಂಡು ಅಂದ್ರ ನಾ ಒಳಗ ಹೋಗ್ತೀನಿ, ನಿನ್ನ ಗಂಡ ಹೊರಗ ಬೀಳ್ತಾನ." ಗಂಡ ಆಗ ಅವನ ಹತ್ತಿ ಅಂಗಡಿಯಲ್ಲೇ ದುಡಿಯುತ್ತಿದ್ದ. ಡಾಕ್ಟರು ಕೇಳಿದಾಗ ಪಟಾಕಿ ಎಂಬ ಮಾತು ಗೊಲ್ಲಾಳಮ್ಮನ ಬಾಯಿಂದಲೇ ಬಂತು. ಮುಂದೆ ಗಂಡನಿಗೆ ಭೀಮರಾಯನಗುಡಿಯ ಕಾಲೇಜಿನಲ್ಲಿ ತೋಟದ ಕೆಲಸ ಸಿಕ್ಕಿ, ಸಾಹುಕಾರನ ಹಂಗು ಹರಿಯಿತು. ಮಗಳ ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ.

ಆಮೇಲೆ ಅವಳು ಕೋರ್ಟಿನ ಮುಂದೆ ಅರ್ಜಿ ಬರೆಯುವವನ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡಳು. ಸಾಹುಕಾರನ ಲೈಸೆನ್ಸು ದೋರನಹಳ್ಳಿಯ ಹೊಲದಲ್ಲಿ ಹಂದಿ ಹೆದರಿಸುವುದಕ್ಕೆ. ಊರೊಳಗೆ ಖುಷಿಗೆಂದು ಒಂದು ಗುಂಡು ಹಾರಿಸಿದರೂ ಅಪರಾಧ. ಕೇಳಿದವರು ಯಾರಾದರೂ ಸರಿ, ಪೊಲೀಸರಿಗೆ ಒಂದು ಒಂದು ಎರಡಕ್ಕೆ ಫೋನು ಮಾಡಬಹುದು. ಅಂದಿನಿಂದ ಭಾಂಡೆ ತಿಕ್ಕುವಾಗ, ಹಿಟ್ಟು ನಾದುವಾಗ ಅವಳ ಕಿವಿಯೆಲ್ಲ ಅವನ ಮಾಳಿಗೆಯ ಮೇಲೆ. ಅವನ ಕಿರಿಯ ಮಗನ ಮದುವೆಯೂ ಆಗಿಹೋಯಿತು; ಹಾರಿಸಲಿಲ್ಲ. ಹಾರಿಸಲಪ್ಪಾ ಎಂದು ದೇವರಿಗೆ ಹರಕೆ ಹೊರುವುದೊಂದು ಬಾಕಿ ಇತ್ತು. ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವ ತಾಳ್ಮೆಯಿಂದಲೇ ಅವಳು ಆ ಹಗೆಯನ್ನೂ ಸಾಕಿದ್ದಳು.

ಮಧ್ಯಾಹ್ನ ಕಾನ್‌ಸ್ಟೇಬಲ್ ಪಂಚಶೀಲಾ ಬಂದಳು. ಕರೆಯದಿದ್ದರೂ ಎದುರು ಮನೆಯ ಚಮನಬೀ ಎಲೆಯಡಿಕೆಯ ಚೀಲದ ಸಮೇತ ಬಂದು ಕೂತಳು. ಗೊಲ್ಲಾಳಮ್ಮ ಮೊದಲು ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಪಂಚಶೀಲಾ ಆಸ್ಪತ್ರೆಯ ಚೀಟಿ ಕೇಳಿ ಇಸಕೊಂಡು, ಎರಡು ಸಲ ಓದಿದಳು.

"ಇದ್ರಾಗ ಪಟಾಕಿ ಅಂತ ಅದಲ್ರಿ ಅಕ್ಕಾರ. ತಾಯಿನೇ ಹೇಳ್ಯಾಳ ಅಂತಾನೂ ಬರದಾರ."

"ಅವತ್ತು ನನ್ನ ಕಡಿಂದ ಸುಳ್ಳು ಹೇಳಸಿದ್ರು."

"ನಾ ನಂಬ್ತೀನ್ರಿ. ಸಾಹೇಬ್ರು ಕಾಗದ ನಂಬ್ತಾರ." ಪಂಚಶೀಲಾ ಚೀಟಿಯನ್ನು ಮಡಚಿ ವಾಪಸು ಕೊಟ್ಟಳು. "ಈಗೀಗ ಏನರ ಹಾರಿಸ್ಯಾನೇನು?"

ಉಮಾಶ್ರೀ ಶಾಲೆಯಿಂದ ಬಂದು, ಬಲಗಿವಿ ಇವರ ಕಡೆ ಮಾಡಿ, ಚುರುಮುರಿ ತಿನ್ನುತ್ತ ಕೂತಿದ್ದಳು. ಗೊಲ್ಲಾಳಮ್ಮ ಮಗಳ ಕಡೆ ನೋಡಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದುಕೊಂಡಳು.

"ಹಾರಿಸ್ಯಾನ್ರಿ. ಹೋದ ಐತವಾರ, ಮುಂಜಾನಿ ಹತ್ತಕ್ಕ. ಎರಡು ಗುಂಡು."

"ಎಲ್ಲಿದ್ರಿ ನೀವಾಗ?"

"ಇಲ್ಲೇ. ನಾನೂ ನನ್ನ ಮಗಳೂ ಬ್ಯಾಳಿ ಹಸನ ಮಾಡಾಕತ್ತಿದ್ವಿ. ಕಿಡಕಿ ತೆರದೇ ಇತ್ತು."

"ಮತ್ತ ಯಾರು ಕೇಳ್ಯಾರ?"

"ನಾ ಕೇಳೀನ್ರಿ," ಎಂದಳು ಚಮನಬೀ. ಎರಡು ವರ್ಷದ ಹಿಂದಿನ ಆ ಸಪ್ಪಳಕ್ಕೆ ಬೆದರಿ ಅವಳ ಗಬ್ಬದ ಆಡು ದಿನ ತುಂಬದೆ ಕಂದು ಹಾಕಿತ್ತು. "ಎರಡಲ್ಲ, ನಾಕು."

"ಜೋಡು ನಳಗಿ ಬಂದೂಕದು. ನಾಕು ಹೆಂಗ?"

"ಮತ್ತ ತುಂಬಿ ಹೊಡದಾನ ಭಾಡ್ಯಾ. ಗುಂಡು ಎಣಸಾಕ ಕುಂತಿದ್ನೇನು ನಾ?"

"ಎರಡೇ ಬರಕೋರಿ," ಎಂದಳು ಗೊಲ್ಲಾಳಮ್ಮ.

ಪಂಚಶೀಲಾ ಹುಡುಗಿಯ ಕಡೆ ಪೆನ್ನು ತೋರಿಸಿದಳು. "ಆಕಿನ್ನ ಒಂದು ಮಾತು ಕೇಳಲೇನು?"

"ಸಣ್ಣಾಕಿ, ಬಿಡ್ರಿ. ಅಂಜತಾಳ."

ಗೊಲ್ಲಾಳಮ್ಮ ಒಂದೊಂದೇ ಅಕ್ಷರ ತಿದ್ದಿದ ಹಾಗೆ ಸಹಿ ಮಾಡಿದಳು. ಚಮನಬೀ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ವಿಚಾರಣೆ ಮುಗಿಯುವ ತನಕ ನವೀಕರಣ ಇಲ್ಲ, ಬಂದೂಕು ಠಾಣೆಗೆ ಜಮಾ ಎಂದು ಹೇಳಿ ಪಂಚಶೀಲಾ ಹೋದಳು.

ಸಂಜೆ ಐದಕ್ಕೆ ಜೀಪು ಬಂತು. ಸಂಗಮನಾಥ ಬಂದೂಕನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿದಂತೆ ಎತ್ತಿಕೊಂಡು ಹೊರಗೆ ಬಂದ. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತ್ತು. ಅದನ್ನು ಜೀಪಿನಲ್ಲಿಟ್ಟು, ಅವನು ನೇರ ಗೊಲ್ಲಾಳಮ್ಮನ ಕಟ್ಟೆಗೆ ಬಂದು ದನಿ ತಗ್ಗಿಸಿದ.

"ಐತವಾರ ನಾ ಊರಾಗೇ ಇರಲಿಲ್ಲ. ಯಾರೂ ಹಾರಿಸಿಲ್ಲ. ನಿನಗೂ ಗೊತ್ತದ."

"ಹೌದೇನ್ರಿ?" ಅವಳೂ ಅಷ್ಟೇ ಮೆಲ್ಲಗೆ ಅಂದಳು. "ಹಂಗಾರ ಪಟಾಕಿ ಇರಬೇಕ್ರಿ, ಸಾವಕಾರ್ರ."

ಅವನ ಕಣ್ಣು ಅವಳ ಹಿಂದೆ ನಿಂತಿದ್ದ ಹುಡುಗಿಯ ಎಡಗಿವಿಗೆ ಹೋಯಿತು, ಅಲ್ಲಿಂದ ಕೆಳಗಿಳಿಯಿತು. ಮರೆತದ್ದೆಲ್ಲ ಅವನಿಗೆ ಒಟ್ಟಿಗೆ ನೆನಪಾಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಎರಡು ವರ್ಷ ಕಾದದ್ದು ಇದಕ್ಕೇ. ಎದೆಯೊಳಗೆ ತಣ್ಣಗೆ, ಸಿಹಿಯಾಗಿ ಏನೋ ಇಳಿಯಿತು.

ಒಳಗೆ ಬಂದವಳೇ ಒಲೆ ಹಚ್ಚಿ, ರವೆ ಹುರಿದು, ಬೆಲ್ಲ ಹಾಕಿ ಸಜ್ಜಕ ಮಾಡಿದಳು. ಮಗಳಿಗೆ ಅದು ಜೀವ. ತಟ್ಟೆಗೆ ಹಾಕಿ ತುಪ್ಪ ಬಿಟ್ಟು ಕರೆದಳು. ಉಮಾಶ್ರೀ ಬಂದು ಕೂತಳು, ಕೈ ಹಾಕಲಿಲ್ಲ. ಬಲಗಿವಿಯ ಹತ್ತಿರ ಬೆರಳು ಒಯ್ದು ಚಿಟಿಕೆ ಹೊಡೆದಳು. ಸ್ವಲ್ಪ ದೂರ ಒಯ್ದು ಇನ್ನೊಮ್ಮೆ ಹೊಡೆದಳು. ಚಮಚವನ್ನು ತಟ್ಟೆಯ ಅಂಚಿಗೆ ಮೆಲ್ಲಗೆ ತಾಗಿಸಿ, ಕತ್ತು ವಾರೆ ಮಾಡಿ ಆಲಿಸಿದಳು. ಮಧ್ಯಾಹ್ನ ಪೊಲೀಸಮ್ಮ ಹೋದಾಗಿನಿಂದ ಮಗಳು ಇದನ್ನೇ ಮಾಡುತ್ತಿದ್ದಾಳೆ ಎಂಬುದು ಗೊಲ್ಲಾಳಮ್ಮನಿಗೆ ಈಗ ಹೊಳೆಯಿತು. ಆಟ ಎಂದುಕೊಂಡಿದ್ದಳು.

"ಯಾಕವ್ವಾ ನನ್ನ ಬಂಗಾರ, ಸಜ್ಜಕ ಬ್ಯಾಡೇನು?"

ಉಮಾಶ್ರೀ ತಲೆ ಎತ್ತಲಿಲ್ಲ.

"ಯವ್ವಾ, ಐತವಾರ ನಾನೂ ನಿನ್ನ ಬಾಜೂಕ್ಕೇ ಕುಂತಿದ್ನೆಲ್ಲ. ಗುಂಡು ನಿನಗ ಕೇಳ್ಯಾದ, ಚಮನಬೀ ಅಮ್ಮಗೂ ಕೇಳ್ಯಾದ. ನನಗ್ಯಾಕ ಕೇಳಲಿಲ್ಲ? ಈ ಕಿವೀನೂ ಹೋಗಾಕತ್ತದೇನು?"