ನಿಂತ ಕಾಲು

ಮೊಂಬತ್ತಿ ಶೆಡ್ಡಿನಿಂದ ಸ್ಟೂಲುಗಳನ್ನೆಲ್ಲ ತೆಗೆಸಿದರು. ನನ್ನ ತಂಗಿ ಆಗ ಏಳು ತಿಂಗಳ ಬಸುರಿ.

ಕೂತರೆ ಕೈ ನಿಧಾನವಾಗುತ್ತದೆ ಎಂದು ಧಣಿಗೆ ಯಾರೋ ಹೇಳಿದ್ದರಂತೆ. ಮೇಸ್ತ್ರಿ ಒಂದೊಂದೇ ಸ್ಟೂಲನ್ನು ಗಾಡಿಗೆ ಎಸೆಯುತ್ತಿದ್ದಾಗ ತಂಗಿ ಒಂದರ ಕಾಲು ಹಿಡಿದುಕೊಂಡಳು.

"ಅಣ್ಣಾ, ನನಗೊಂದು ಬಿಡಿ. ಕಾಲು ಬಾತ್ಕೊಂಡಿದೆ, ನೋಡಿ."

"ಬಸುರಾಗುವಾಗ ಕಾಲು ನೋಯ್ಲಿಲ್ವೇನೇ, ಮುಂಡೇದೇ? ಕೂತ್ಕೊಳ್ಳೋಕೆ ಇದೇನು ನಿಮ್ಮಪ್ಪನ ಜಗಲಿನಾ?"

ನಾಲ್ಕು ಜನ ನಕ್ಕರು. ನಾನೂ ನಕ್ಕೆ. ನಗದವರ ಮುಖ ಮೇಸ್ತ್ರಿಗೆ ಚೆನ್ನಾಗಿ ನೆನಪಿರುತ್ತಿತ್ತು.

ನಮ್ಮದು ಅದ್ದುವ ಕೆಲಸ. ಚೌಕಟ್ಟಿಗೆ ಸಾಲಾಗಿ ಕಟ್ಟಿದ ಬತ್ತಿಗಳನ್ನು ಕರಗಿದ ಮೇಣದಲ್ಲಿ ಅದ್ದಬೇಕು, ಎತ್ತಬೇಕು, ಆರಿದೊಡನೆ ಮತ್ತೆ ಅದ್ದಬೇಕು. ಮೂವತ್ತು ಸಲ ಅದ್ದಿದರೆ ಮೊಂಬತ್ತಿ. ನಡುವೆ ಬಿಟ್ಟರೆ ಮೇಣ ಪದರು ಪದರಾಗಿ ಬಿಟ್ಟುಕೊಂಡು ಇಡೀ ಚೌಕಟ್ಟು ಹಾಳು. ಹಿಡಿದದ್ದನ್ನು ಮುಗಿಸಿಯೇ ಕೈಬಿಡುವುದು ನಮಗೆ ಉಸಿರಾಡಿದಷ್ಟೇ ರೂಢಿ.

ಅವತ್ತು ಮಧ್ಯಾಹ್ನ, ಇಪ್ಪತ್ತನಾಲ್ಕು ಅದ್ದಿ ಮುಗಿದಾಗ, ತಂಗಿ ತುಟಿ ಕಚ್ಚಿದಳು.

"ಅಕ್ಕಾ, ಕೆಳಗೆ ಒದ್ದೆ ಆಗ್ತಿದೆ ಕಣೇ."

"ಬೆವರಿರ್ಬೇಕು. ಇನ್ನು ಆರೇ ಸಲ ಅಲ್ವಾ? ಮುಗಿಸ್ಬಿಡು, ಆಮೇಲೆ ಹೋಗೋಣ."

ನಾನೇ ಹೇಳಿದ್ದು. ಮೇಸ್ತ್ರಿಯಲ್ಲ, ಧಣಿಯಲ್ಲ.

ಆರೂ ಅದ್ದಿದಳು. ಚೌಕಟ್ಟನ್ನು ಕೊಕ್ಕೆಗೆ ನೇತುಹಾಕಿದಳು. ಆಮೇಲೆ ಕೂತಳು, ನೆಲದ ಮೇಲೆ, ಕಾಲಿನಿಂದ ಇಳಿದಿದ್ದ ರಕ್ತದಲ್ಲೇ.

ಗಂಡುಮಗು. ಬೆರಳಿಗೆಲ್ಲ ಉಗುರು ಬಂದಿತ್ತು. ಅಳಲಿಲ್ಲ.

ಹನ್ನೆರಡನೇ ದಿನಕ್ಕೆ ತಂಗಿ ಮತ್ತೆ ಶೆಡ್ಡಿಗೆ ಬಂದು ನಿಂತಳು. ಎದೆಹಾಲು ಅಂಗಿಯನ್ನು ತೋಯಿಸುತ್ತಿತ್ತು. ಯಾರೂ ಅತ್ತ ನೋಡಲಿಲ್ಲ.

ಅದೇ ವಾರ ಧಣಿ ಪಾದ್ರಿಯನ್ನು ಕರೆದುಕೊಂಡು ಬಂದ.

"ಸಂಪತ್ತು ದೇವರದು" ಎಂದರು ಪಾದ್ರಿ. "ಸಾಹುಕಾರ ಬರೀ ಅದನ್ನ ನೋಡ್ಕೊಳ್ಳೋ ಆಳು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಹಾಗೆ ನಿಮ್ಮ ಧಣಿಗಳು ಭಾನುವಾರ ಹನ್ನೆರಡು ಜನರ ಕಾಲು ತೊಳೀತಾರೆ."

"ಆಳಾದ್ರೆ ನಮ್ಮ ಜೊತೆ ನಿಂತ್ಕೊಳ್ಳಲಿ, ಯಾರು ಬೇಡಾಂದ್ರು?" ಬತ್ತಿ ಹೊಸೆಯುವ ಅಜ್ಜಿ ನನ್ನ ಬೆನ್ನ ಹಿಂದೆ ಗೊಣಗಿದಳು.

ಮೇಸ್ತ್ರಿ ಆರಿಸಿದವರಲ್ಲಿ ತಂಗಿಯೇ ಮೊದಲು. ಧಣಿ, ಪಾದ್ರಿ ಇಬ್ಬರೂ ಹೋದ ಮೇಲೆ ಮೇಸ್ತ್ರಿ ಬೆರಳಾಡಿಸಿದ. "ಸೋಪು ಹಾಕಿ ಉಜ್ಕೊಂಡು ಬರ್ರೇ. ಧಣಿ ಕೈ ಗಲೀಜಾಗ್ಬಾರ್ದು."

"ತೊಳೆದಿದ್ದನ್ನ ಇನ್ನೇನಪ್ಪ ತೊಳೀತಾರೆ?" ಎಂದಳು ಅಜ್ಜಿ.

"ಬಾಯ್ಮುಚ್ಚೇ, ಮುದಿಗೂಬೆ! ಅಲ್ಲಿ ಯಾವಳಾದ್ರೂ ತಕರಾರು ತೆಗೆದ್ರೆ ಸೋಮವಾರ ಈ ಬಾಗಿಲು ತುಳಿಯೋ ಹಾಗಿಲ್ಲ."

ಚರ್ಚಿನಲ್ಲಿ ಮೆತ್ತೆ ಹಾಕಿದ ಹನ್ನೆರಡು ಕುರ್ಚಿಗಳಿದ್ದವು. ಮೊದಲನೆಯದರಲ್ಲಿ ತಂಗಿ, ಪಕ್ಕದಲ್ಲಿ ನಾನು. ಧಣಿ ಸೊಂಟಕ್ಕೆ ಬಿಳಿ ಟವೆಲ್ಲು ಕಟ್ಟಿಕೊಂಡು, ನೀರಿನ ಬೋಗುಣಿಯನ್ನು ಮುಂದಿಟ್ಟುಕೊಂಡು ಮಂಡಿಯೂರಿದ. ಅವನ ಕಣ್ಣು ತುಂಬಿತ್ತು. ಅದು ನಾಟಕವಲ್ಲವೆಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

"ಕಾಲು ಕೊಡಮ್ಮಾ."

ತಂಗಿ ಎರಡೂ ಪಾದಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

ಪಾದ್ರಿ ಬಗ್ಗಿ ಪಿಸುಗುಟ್ಟಿದರು. "ನಾಚ್ಕೋಬೇಡ ಮಗಳೇ. ಅಷ್ಟು ದೊಡ್ಡವರು ತಗ್ಗಿ ಬಂದಿದ್ದಾರೆ."

"ನಾಚಿಕೆಯಲ್ಲ, ಫಾದರ್. ನನ್ನ ಮಗೂನ ಹೊತ್ಕೊಂಡು ನಿಂತಿದ್ದ ಕಾಲು ಇವು. ನೀರು ಹಾಕಿದ್ರೆ ಹೋಗೋದಲ್ಲ."

"ಚಾಚೇ, ದರಿದ್ರದೋಳೇ!" ಹಿಂದಿನಿಂದ ಮೇಸ್ತ್ರಿ ಹಲ್ಲು ಕಡಿದ. "ಜನ ನೋಡ್ತಿದಾರೆ."

"ಕೊಡಲ್ಲ."

ಧಣಿಯ ಚಾಚಿದ ಕೈ ಹಾಗೇ ಇತ್ತು. ಆಮೇಲೆ ಮಂಡಿಯ ಮೇಲೆಯೇ ನನ್ನ ಕಡೆಗೆ ಸರಿದ.

"ನೀನಾದ್ರೂ ಕೊಡಮ್ಮಾ."

ನಾನು ಆಗಲೇ ಚಪ್ಪಲಿ ಬಿಚ್ಚಿಟ್ಟಿದ್ದೆ. ತಂಗಿ ನನ್ನತ್ತ ತಿರುಗಲಿಲ್ಲ.

ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ.